ಕೊಳದಲ್ಲಿ ಬಂದ ಈಜು ಕಡಲಲ್ಲಿ ಎಲ್ಲಿ ಹೋಯಿತು?

ಪ್ರಶ್ನೆ: ನಾನು ಉಡುಪಿಯವನು, 41 ವರ್ಷ, ಬ್ಯಾಂಕ್ ಉದ್ಯೋಗಿ. ಈ ಚಳಿಗಾಲದಲ್ಲಿ ಮಂಗಳೂರಿನ ತಣ್ಣೀರುಬಾವಿಯಲ್ಲಿ ಮೊದಲ ಬಾರಿ ಟ್ರಯತ್ಲಾನ್ ಮಾಡಿದೆ: 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಮನೆ ಹತ್ತಿರದ 25 ಮೀಟರ್ ಕೊಳದಲ್ಲಿ 750 ಮೀಟರನ್ನು 18 ನಿಮಿಷಕ್ಕೆ ಮುಗಿಸುವ ನನಗೆ ಸಮುದ್ರದಲ್ಲಿ 24 ನಿಮಿಷ ಹಿಡಿಯಿತು. ದಾರಿ ತೋರಿಸಲು ತೇಲಿಬಿಟ್ಟ ಮೊದಲ ಬೋಯ್ ಮುಟ್ಟುವ ಮೊದಲೇ ಉಸಿರು ಕಟ್ಟಿದಂತಾಗಿ ಕಾವಲಿಗಿದ್ದ ಪುಟ್ಟ ದೋಣಿಯನ್ನು (ಕಯಾಕ್) ಹಿಡಿದುಕೊಂಡೆ. ಸೈಕಲ್ ಹತ್ತುವಷ್ಟರಲ್ಲಿ 6 ನಿಮಿಷ, ಸವಾರಿಗೆ 46, ಸೈಕಲ್ ಇಟ್ಟು ಹೊರಡಲು 3, ಓಟಕ್ಕೆ 41. ಒಟ್ಟು ಸರಿಯಾಗಿ 2 ಗಂಟೆ. ಬೇರೆ ದಿನ 5 ಕಿ.ಮೀ. ಓಡಲು ನನಗೆ 31 ನಿಮಿಷ ಸಾಕು. ಆಮೇಲೆ ಹೋಟೆಲಿನಲ್ಲಿ ಜೊತೆಯವರ ಅನುಭವ ಕೇಳಿದೆ. ಒಬ್ಬರು 'ಸಮುದ್ರ ಕೊಳದ ಹಾಗಿತ್ತು' ಎಂದರು. ಇನ್ನೊಬ್ಬರು 'ಸೆಳೆತ ಉತ್ತರಕ್ಕೆ ಎಳೆದೊಯ್ದಿತು' ಎಂದರು. ಮೂರನೆಯವರು 'ಇಷ್ಟು ಚಿಕ್ಕ ಸ್ಪರ್ಧೆಗೆ ನೀರು ಕುಡಿಯಬಾರದು' ಎಂದು ಮೊದಲೇ ಹೇಳಿದ್ದರಿಂದ ಸೈಕಲ್ ಮೇಲೆ ನಾನು ಒಂದು ಗುಟುಕೂ ಕುಡಿದಿರಲಿಲ್ಲ. ನಾಲ್ಕನೆಯವರು ಕಾರ್ಬನ್ ಸೈಕಲ್ ತೆಗೆದುಕೊಳ್ಳಿ ಎನ್ನುತ್ತಾರೆ. ಯಾರನ್ನು ನಂಬಲಿ? ಸಮುದ್ರದ ಆಸೆ ಬಿಟ್ಟು ಓಟಕ್ಕಷ್ಟೇ ನಿಂತುಬಿಡಲೇ? ಅಂದ ಹಾಗೆ, ಸ್ಪರ್ಧೆಯಾಗಿ ಎರಡೇ ವಾರಕ್ಕೆ ಸೈಕಲ್ ಚೈನ್ ಕೆಂಪಗಾಗಿದೆ. ಅದಕ್ಕೇನು ಮಾಡಲಿ?

ಉತ್ತರ: ಸ್ಪರ್ಧೆ ಮುಗಿದ ಮೇಲೆ ಬನ್ಸು, ಗೋಳಿಬಜೆ ಮುಂದಿಟ್ಟುಕೊಂಡು ಆಡುವ ಮಾತಿನಷ್ಟು ಸವಿಯಾದದ್ದು ಈ ಆಟದಲ್ಲಿ ಬೇರೆ ಇಲ್ಲ. ಇಪ್ಪತ್ತು ವರ್ಷದಿಂದ ಹವ್ಯಾಸಿಗಳಿಗೆ ಈಜು ಕಲಿಸುತ್ತಿರುವ ನಾನು ಅಂಥ ಮೇಜುಗಳ ಸುತ್ತ ಬಹಳ ಕೂತಿದ್ದೇನೆ. ಅಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ. ಆದರೆ ಪ್ರತಿಯೊಬ್ಬರೂ ತಮ್ಮ ಮೈಗೆ ಆದದ್ದನ್ನು ಇಡೀ ಸಮುದ್ರಕ್ಕೆ ಅನ್ವಯಿಸುತ್ತಾರೆ. ಈ ಆಟದ ಅತಿ ಹೆಸರಾದ ಸ್ಪರ್ಧೆ ಐರನ್‌ಮ್ಯಾನ್ ಹುಟ್ಟಿದ್ದೇ ಇಂಥ ಹರಟೆಯಿಂದ ಎನ್ನಬಹುದು. ಹವಾಯಿಯಲ್ಲಿ ಒಂದು ಓಟದ ಬಹುಮಾನ ವಿತರಣೆಯ ಹೊತ್ತಿಗೆ ಈಜುಗಾರ ಗಟ್ಟಿಯೋ, ಓಟಗಾರನೋ, ಸೈಕಲ್ ಸವಾರನೋ ಎಂಬ ವಾದ ಎದ್ದು, ಅದನ್ನು ತೀರಿಸಿಕೊಳ್ಳಲು 1978ರಲ್ಲಿ ಮೂರನ್ನೂ ಒಂದೇ ದಿನ ಮಾಡಿದರು. ಹೊರಟವರು 15 ಮಂದಿ, ಮುಗಿಸಿದವರು 12. ವಾದ ಮಾತ್ರ ಇಂದಿಗೂ ತೀರಿಲ್ಲ, ನಿಮ್ಮ ಹೋಟೆಲಿನ ಮೇಜಿಗೂ ಬಂದಿದೆ.

ನೀವು ಬ್ಯಾಂಕಿನವರು. ಹಾಗಾಗಿ ಮಾತನ್ನು ಪಕ್ಕಕ್ಕಿಟ್ಟು ಮೊದಲು ಖಾತೆ ನೋಡೋಣ. ಈಜಿನಲ್ಲಿ ಕೊಳಕ್ಕಿಂತ 6 ನಿಮಿಷ ಹೆಚ್ಚು ಹೋಯಿತು. ನೀರಿನಿಂದ ಸೈಕಲ್‌ಗೆ ಬದಲಾಗುವಲ್ಲಿ 6 ನಿಮಿಷ ತೆಗೆದುಕೊಂಡಿರಿ. ಆತುರವಿಲ್ಲದೆ ಮಾಡಿದರೂ 3 ಸಾಕಿತ್ತು. ಓಟದಲ್ಲಿ ನಿಮ್ಮ ಮಾಮೂಲಿ ಸಮಯಕ್ಕಿಂತ 10 ನಿಮಿಷ ಹೋಯಿತು. ಅಲ್ಲಿಗೆ 19 ನಿಮಿಷ. ಸೈಕಲ್‌ನಲ್ಲಿ ಗಂಟೆಗೆ 26 ಕಿ.ಮೀ. ವೇಗ ಇಟ್ಟಿದ್ದೀರಿ, ಅದು ನಿಮ್ಮ ಅನುಭವಕ್ಕೆ ಚೆನ್ನಾಗಿಯೇ ಇದೆ, ಸ್ವಲ್ಪ ಜಾಸ್ತಿಯೇ ಚೆನ್ನಾಗಿದೆ ಎನ್ನುವುದು ನನ್ನ ಗುಮಾನಿ. ನಷ್ಟವಿಲ್ಲದ ಖಾತೆಗೆ ಲಕ್ಷಗಟ್ಟಲೆ ಸುರಿಯಲು ನಾಲ್ಕನೆಯವರು ಹೇಳುತ್ತಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎಂದರೆ ಇದೇ.

ಇನ್ನೊಂದು ಮಾತು: ಆ 19 ನಿಮಿಷ ಮೂರು ಬೇರೆ ಬೇರೆ ನಷ್ಟಗಳಂತೆ ಕಾಣುತ್ತವೆ. ನನ್ನ ಲೆಕ್ಕದಲ್ಲಿ ಬಹುಪಾಲು ಒಂದೇ ನಷ್ಟ. ಅದು ಶುರುವಾದದ್ದು ಮೊದಲ 200 ಮೀಟರ್‌ನಲ್ಲಿ.

ಅಲ್ಲಿ ಏನಾಯಿತು? ಕೊಳದ ನಿಮ್ಮ 18 ನಿಮಿಷವನ್ನೇ ಮೊದಲು ಬಿಚ್ಚಿ ನೋಡಿ. 25 ಮೀಟರ್ ಕೊಳದಲ್ಲಿ 750 ಮೀಟರ್ ಎಂದರೆ 30 ಉದ್ದ, 29 ತಿರುವು. ಪ್ರತಿ ತಿರುವಿನಲ್ಲಿ ಗೋಡೆ ಒದ್ದಾಗ ಕೈ ಬೀಸದೆ ನಾಲ್ಕು ಮೀಟರ್ ಮುಂದೆ ಹೋಗುತ್ತೀರಿ ಎಂದುಕೊಂಡರೂ 116 ಮೀಟರ್ ಗೋಡೆಯ ಕೊಡುಗೆ. ಜೊತೆಗೆ 29 ಸಲ ಅರ್ಧ ಕ್ಷಣದ ವಿಶ್ರಾಂತಿ, 29 ಸಲ ಒಂದು ದೊಡ್ಡ ಉಸಿರು. ಕೆಳಗೆ ನೋಡಿದರೆ ಕಪ್ಪು ಗೆರೆ. ಕಡಲಲ್ಲಿ ಗೋಡೆಯೂ ಇಲ್ಲ, ಗೆರೆಯೂ ಇಲ್ಲ. ಆದ್ದರಿಂದ ಸಮುದ್ರದ 750ನ್ನು ಕೊಳದ 18 ನಿಮಿಷದ ಜೊತೆ ಹೋಲಿಸಿ ಕುಗ್ಗಬೇಡಿ. 20, 21 ನಿಮಿಷ ಆಗಿದ್ದರೆ ಅದು ನಿಮ್ಮ ಸರಿಯಾದ ಈಜು. ಉಳಿದ ಮೂರು ನಾಲ್ಕು ನಿಮಿಷ ಭಯಕ್ಕೆ ಕೊಟ್ಟದ್ದು.

ಭಯ ಎಂದಾಗ ಮನಸ್ಸಿನ ದೌರ್ಬಲ್ಯ ಎಂದು ಓದಬೇಡಿ. ಅದರ ಹೆಚ್ಚಿನ ಭಾಗ ಉಸಿರಿನ ಲೆಕ್ಕ. ಸೀಟಿ ಊದುತ್ತಲೇ ಎಲ್ಲರೂ ನುಗ್ಗುತ್ತಾರೆ, ಒಬ್ಬರ ಕೈ ಇನ್ನೊಬ್ಬರ ಕಾಲಿಗೆ ತಾಗುತ್ತದೆ, ಎದುರಿಗೆ ತೆರೆ. ಮನುಷ್ಯ ಇಂಥ ಹೊತ್ತಿನಲ್ಲಿ ತನಗೆ ಗೊತ್ತಿಲ್ಲದೆ ಉಸಿರು ಬಿಗಿಹಿಡಿಯುತ್ತಾನೆ. ಮುಖ ಮೇಲೆತ್ತಿದಾಗ ಒಳಗೆ ಎಳೆದುಕೊಳ್ಳಲು ನೋಡುತ್ತಾನೆ, ಆದರೆ ಹಳೆಯ ಗಾಳಿ ಹೊರಗೆ ಹೋಗಿಲ್ಲ, ಹೊಸದಕ್ಕೆ ಜಾಗವೆಲ್ಲಿ? ನಮಗೆ ಉಸಿರಾಡಬೇಕು ಎನಿಸುವುದು ಮುಖ್ಯವಾಗಿ ಆಮ್ಲಜನಕ ಕಡಿಮೆಯಾದದ್ದರಿಂದಲ್ಲ, ಇಂಗಾಲದ ಡೈಆಕ್ಸೈಡ್ ಶೇಖರವಾದದ್ದರಿಂದ. ಅದನ್ನು ಹೊರಹಾಕದೆ ಬಿಕ್ಕಿ ಬಿಕ್ಕಿ ಗಾಳಿ ಎಳೆದಷ್ಟೂ ಉಸಿರು ಕಟ್ಟಿದಂತಾಗುತ್ತದೆ. ಪರಿಹಾರ ಕೇಳಿದರೆ ನಗು ಬರುವಷ್ಟು ಚಿಕ್ಕದು: ಮುಖ ನೀರಿನೊಳಗೆ ಇರುವಷ್ಟು ಹೊತ್ತೂ ಗುಳುಗುಳು ಎಂದು ಉಸಿರು ಬಿಡುತ್ತಲೇ ಇರಿ. ಮುಖ ಮೇಲೆ ಬಂದಾಗ ಒಳಗೆಳೆಯುವ ಕೆಲಸ ತಾನಾಗಿ ಆಗುತ್ತದೆ.

ಅಲ್ಲೇ ಗಾಬರಿ ಹುಟ್ಟಿಬಿಟ್ಟರೆ? ಮಲಗಿ. ಅಂಗಾತ ತಿರುಗಿ, ಕಿವಿ ನೀರಿಗೆ ತಾಗುವಂತೆ ತಲೆ ಹಿಂದಕ್ಕೆ ಹಾಕಿ, ಆಕಾಶ ನೋಡಿ ಇಪ್ಪತ್ತು ಉಸಿರು ಎಣಿಸಿ. ಉಪ್ಪುನೀರು ಸಿಹಿನೀರಿಗಿಂತ ಶೇಕಡಾ ಎರಡೂವರೆಯಷ್ಟು ಸಾಂದ್ರ, ಹಾಗಾಗಿ ಕೊಳಕ್ಕಿಂತ ಸಮುದ್ರವೇ ನಿಮ್ಮನ್ನು ಚೆನ್ನಾಗಿ ಎತ್ತಿ ಹಿಡಿಯುತ್ತದೆ. ಇಂಥ ಸ್ಪರ್ಧೆಗಳಲ್ಲಿ ಯಾವ ಬಗೆಯ ಈಜಾದರೂ ನಡೆಯುತ್ತದೆ. ಕಪ್ಪೆ ಈಜಿನಲ್ಲಿ ಇಡೀ ದೂರ ಮುಗಿಸಿದವರೂ ಇದ್ದಾರೆ. ಕಯಾಕ್ ಹಿಡಿದದ್ದಕ್ಕೆ ನಾಚಿಕೊಂಡಂತೆ ಬರೆದಿದ್ದೀರಿ. ಕಯಾಕ್ ನಿಮ್ಮನ್ನು ಮುಂದಕ್ಕೆ ಎಳೆಯದಿದ್ದರೆ ಅದನ್ನು ಹಿಡಿದು ಸುಧಾರಿಸಿಕೊಳ್ಳುವುದಕ್ಕೆ ನಿಯಮದ ಅಡ್ಡಿಯಿಲ್ಲ. ಅದನ್ನು ಅಲ್ಲಿ ನಿಲ್ಲಿಸಿರುವುದೇ ಅದಕ್ಕೆ. ನನ್ನ ಮೊದಲ ಕಡಲ ಸ್ಪರ್ಧೆಯಲ್ಲಿ ನಾನು ಎರಡೂ ಕೈಯಿಂದ ಎಷ್ಟು ಬಲವಾಗಿ ತಬ್ಬಿದ್ದೆನೆಂದರೆ, ಮೇಲೆ ಕೂತಿದ್ದ ಹುಡುಗ 'ಅಣ್ಣಾ, ಸ್ವಲ್ಪ ಸಡಿಲ ಹಿಡಿಯಿರಿ, ಇದೇನೂ ಓಡಿಹೋಗುವುದಿಲ್ಲ' ಎಂದಿದ್ದ.

ಆದರೆ ಒಂದು ಗೆರೆ ಸ್ಪಷ್ಟವಾಗಿರಲಿ. ಗಾಬರಿಯ ಉಸಿರು ಎರಡು ಮೂರು ನಿಮಿಷ ಅಂಗಾತ ತೇಲಿದರೆ ಇಳಿಯುತ್ತದೆ. ಇಳಿಯದಿದ್ದರೆ, ಬಿಡದ ಕೆಮ್ಮು ಬಂದರೆ, ನೊರೆಯೋ ಗುಲಾಬಿ ಬಣ್ಣದ ಕಫವೋ ಕಂಡರೆ, ಎದೆ ಹಿಂಡಿದಂತಾದರೆ ಕೈ ಎತ್ತಿ ದೋಣಿ ಕರೆಯಿರಿ, ಸ್ಪರ್ಧೆ ಅಲ್ಲಿಗೆ ಮುಗಿಯಿತು. ಈಜುವಾಗ ಕೆಲವರ ಶ್ವಾಸಕೋಶಕ್ಕೆ ಅವರದೇ ರಕ್ತನಾಳಗಳಿಂದ ದ್ರವ ಜಿನುಗುವುದುಂಟು. ಅದು ಕುಡಿದ ಕಡಲ ನೀರಲ್ಲ, ಈಜು ಮುಂದುವರಿಸಿದರೆ ಹೆಚ್ಚುತ್ತದೆ. ಅಮೆರಿಕದಲ್ಲಿ 2006ರಿಂದ 2008ರವರೆಗಿನ ಟ್ರಯತ್ಲಾನ್‌ಗಳನ್ನು ಪರಿಶೀಲಿಸಿದಾಗ ಒಂಬತ್ತೂವರೆ ಲಕ್ಷ ಮಂದಿಯಲ್ಲಿ 14 ಸಾವು ಕಂಡುಬಂದವು, ಅವುಗಳಲ್ಲಿ 13 ಈಜಿನ ಹಂತದಲ್ಲಿ. ಸಂಖ್ಯೆ ಚಿಕ್ಕದು, ಹೆದರಿ ಕೂರುವಂಥದ್ದಲ್ಲ. ಆದರೆ ನಲವತ್ತು ದಾಟಿದ್ದೀರಿ. ರಕ್ತದೊತ್ತಡ, ಇಸಿಜಿ ಒಮ್ಮೆ ನೋಡಿಸಿಕೊಳ್ಳಿ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯದ ತೊಂದರೆ ಬಂದಿದ್ದರೆ ವೈದ್ಯರಿಗೆ ಅದನ್ನೂ ಹೇಳಿ.

ಈಗ ನಿಮ್ಮ ಗೆಳೆಯರ ಜಗಳಕ್ಕೆ ಬರೋಣ. ಒಂದೇ ಬೆಳಿಗ್ಗೆ, ಒಂದೇ ಕಡಲು. ಒಬ್ಬರಿಗೆ ಕೊಳ, ಇನ್ನೊಬ್ಬರಿಗೆ ಸೆಳೆತ. ಇಬ್ಬರೂ ಸರಿ ಇರಬಹುದು. ಮೊದಲ ಗುಂಪಿನಲ್ಲಿ ಇಳಿದವರು ಹದಿನೈದು ನಿಮಿಷದಲ್ಲಿ ಹೊರಬಂದರೆ ಕೊನೆಯ ಗುಂಪು ಆಗಷ್ಟೇ ಇಳಿಯುತ್ತಿರುತ್ತದೆ. ಅಷ್ಟರಲ್ಲಿ ಗಾಳಿ ಬದಲಾಗಿರುತ್ತದೆ, ದೊಡ್ಡ ತೆರೆಗಳ ಒಂದು ಸಾಲು ಬಂದು ಹೋಗಿರುತ್ತದೆ. ದಡದಿಂದ ಐವತ್ತು ಮೀಟರ್‌ನಲ್ಲಿ ನೀರು ಒಂದು ಕಡೆ ಹರಿದರೆ ಇನ್ನೂರು ಮೀಟರ್‌ನಲ್ಲಿ ಬೇರೆ ನಡೆ. ತಣ್ಣೀರುಬಾವಿಯೇ ಒಂದು ವಿಚಿತ್ರ ಜಾಗ: ಹಿಂದೆ ಗುರುಪುರ ನದಿ, ಮುಂದೆ ಕಡಲು, ದಕ್ಷಿಣಕ್ಕೆ ನೇತ್ರಾವತಿಯೂ ಸೇರಿ ಹೋಗುವ ಅಳಿವೆ, ಉತ್ತರಕ್ಕೆ ಪಣಂಬೂರಿನ ಬಂದರು. ಖಂಭಾತ್ ಕೊಲ್ಲಿಯಂಥ ಭಾರೀ ಉಬ್ಬರವಿಳಿತ ನಮ್ಮಲ್ಲಿಲ್ಲ, ಆದರೂ ಇಂಥ ಕಡೆ ನೀರು ದಿನವೂ ಒಂದೇ ದಿಕ್ಕಿಗೆ ಹೋಗುತ್ತದೆ ಎಂದು ಯಾರಾದರೂ ಖಂಡಿತವಾಗಿ ಹೇಳಿದರೆ ಅವರ ಮಾತು ನಂಬಬೇಡಿ.

'ಉತ್ತರಕ್ಕೆ ಎಳೆಯಿತು' ಎಂದವರನ್ನು ಮುಂದಿನ ಸಲ ಸಿಕ್ಕಾಗ ಒಂದು ಪ್ರಶ್ನೆ ಕೇಳಿ: ಉಸಿರು ತೆಗೆದುಕೊಳ್ಳುವುದು ಒಂದೇ ಬದಿಗೋ? ಒಂದೇ ಬದಿಗೆ ಉಸಿರಾಡುವವರ ಎರಡು ಕೈಗಳ ಎಳೆತ ಸಮ ಇರುವುದಿಲ್ಲ, ನೋಡಿಕೊಳ್ಳಲು ಕಪ್ಪು ಗೆರೆ ಇಲ್ಲದಿದ್ದಾಗ ಅವರು ಬಿಲ್ಲಿನಂತೆ ಬಾಗಿ ಹೋಗುತ್ತಾರೆ. ಆಮೇಲೆ ಅದನ್ನು ಕಡಲಿನ ತಲೆಗೆ ಕಟ್ಟುತ್ತಾರೆ. ಕೈಗಡಿಯಾರದ ಜಿಪಿಎಸ್ ಗೆರೆ ತೋರಿಸಿದರೂ ಪೂರ್ತಿ ಒಪ್ಪಬೇಡಿ. ಕೈ ನೀರಿಗೆ ಇಳಿದಾಗಲೆಲ್ಲ ಅದಕ್ಕೆ ಉಪಗ್ರಹ ಕಾಣುವುದಿಲ್ಲ.

ನೀವೇ ತಿಳಿದುಕೊಳ್ಳಲು ಸುಲಭ ದಾರಿ ಇದೆ. ಸ್ಪರ್ಧೆಗೆ ಇಪ್ಪತ್ತು ನಿಮಿಷ ಮೊದಲು, ಅಭ್ಯಾಸಕ್ಕೆ ಇಳಿಯಲು ಬಿಟ್ಟಾಗ, ಎದೆಮಟ್ಟದ ನೀರಿನಲ್ಲಿ ದಡದ ಒಂದು ಗಾಳಿಮರವನ್ನೋ ಶಾಮಿಯಾನದ ಕಂಬವನ್ನೋ ಗುರುತಿಟ್ಟುಕೊಂಡು ಎರಡು ನಿಮಿಷ ಸುಮ್ಮನೆ ತೇಲಿ. ಕಣ್ಣು ತೆರೆದಾಗ ಆ ಮರ ಯಾವ ಕಡೆಗೆ ಸರಿದಿದೆ ನೋಡಿ. ಮರ ಎಡಕ್ಕೆ ಸರಿದಂತೆ ಕಂಡರೆ ನೀವು ಬಲಕ್ಕೆ ಹೋಗಿದ್ದೀರಿ. ಲಂಗರು ಹಾಕಿದ ದೋಣಿ ಕಂಡರೆ ಅದರ ಮೂತಿ ನೋಡಿ, ಅದು ಹರಿವಿಗೋ ಗಾಳಿಗೋ ಎದುರಾಗಿ ನಿಂತಿರುತ್ತದೆ. ಬೋಯ್ ಕಡೆಗೆ ಹೊರಡುವಾಗ ಹರಿವು ಬರುವ ಬದಿಗೆ ನಾಲ್ಕು ಹೆಜ್ಜೆ ಸರಿದು ನಿಂತರೆ ಹರಿವೇ ನಿಮ್ಮನ್ನು ಬೋಯ್ ಹತ್ತಿರ ತಂದುಬಿಡುತ್ತದೆ.

ಹೊಸಬರು ಮೋಸ ಹೋಗುವ ಇನ್ನೊಂದು ಸಂಗತಿ. ತೆರೆಗಳ ಸಾಲಿನ ನಡುವೆ ಎಲ್ಲೋ ಒಂದು ಕಡೆ ತೆರೆ ಒಡೆಯುವುದೇ ಇಲ್ಲ, ನೀರು ನುಣ್ಣಗೆ ಕಾಣುತ್ತದೆ. 'ಆಹಾ, ಇಲ್ಲಿ ಇಳಿಯುವುದು ಸುಲಭ' ಎಂದು ಅಲ್ಲಿಗೇ ನಡೆಯುತ್ತಾರೆ. ದಡಕ್ಕೆ ಬಂದ ನೀರೆಲ್ಲ ಒಟ್ಟುಗೂಡಿ ವಾಪಸ್ಸು ಹೋಗುವ ಓಣಿ ಅದು. ಅಲ್ಲಿ ಸಿಕ್ಕಿಕೊಂಡರೆ ದಡದ ಕಡೆಗೆ ಹೋರಾಡಬೇಡಿ. ದಡಕ್ಕೆ ಸಮಾನಾಂತರವಾಗಿ ಒಂದಷ್ಟು ದೂರ ಈಜಿ, ತೆರೆ ಒಡೆಯುವ ಜಾಗಕ್ಕೆ ಬಂದ ಮೇಲೆ ದಡಕ್ಕೆ ತಿರುಗಿ.

ತೆರೆ ಒಡೆಯುವ ಜಾಗವನ್ನು ದಾಟುವುದೂ ಒಂದು ವಿದ್ಯೆ. ಎದುರಿಗೆ ಬರುವ ತೆರೆಯ ಮೇಲೆ ಹಾರಲು ಹೋದವರನ್ನು ಅದು ಹಿಂದಕ್ಕೆ ಎಸೆಯುತ್ತದೆ. ಅದು ಮುರಿಯುವ ಮೊದಲೇ ಕೆಳಗೆ ಮುಳುಗಿ, ಎರಡು ಕೈಯಿಂದ ಮರಳು ಹಿಡಿಯಿರಿ. ಬೆನ್ನ ಮೇಲೆ ಗಡಗಡ ಸದ್ದು ಹಾದು ಹೋಗುತ್ತದೆ, ಆಗ ನೆಲ ಒದ್ದು ಮೇಲೆ ಬನ್ನಿ. ವಾಪಸ್ಸು ಬರುವಾಗ ಮೊಣಕಾಲು ನೀರು ಬಂದಿತೆಂದು ಎದ್ದು ನಿಲ್ಲುವ ಆತುರ ಬೇಡ. ಬೆರಳು ಮರಳಿಗೆ ತಾಗುವವರೆಗೂ ಈಜಿ, ಹಿಂದೊಮ್ಮೆ ತಿರುಗಿ ನೋಡಿ, ಆಮೇಲೆ ನಿಲ್ಲಿ.

ನಮ್ಮ ಕರಾವಳಿಯ ಬೆಳಗಿನ ಈಜಿಗೇ ಮೀಸಲಾದ ಒಂದು ತೊಂದರೆ ಇದೆ, ಅದನ್ನು ಹೊರಗಿನ ತರಬೇತಿ ಪುಸ್ತಕಗಳು ಹೇಳುವುದಿಲ್ಲ. ನಮಗೆ ಕಡಲು ಪಶ್ಚಿಮಕ್ಕೆ. ಹೋಗುವಾಗ ಬೆನ್ನ ಹಿಂದೆ ಬೆಳಕು, ಕಿತ್ತಳೆ ಬಣ್ಣದ ಬೋಯ್ ಹೊಳೆಯುತ್ತಿರುತ್ತದೆ. ತಿರುಗಿ ದಡದ ಕಡೆ ಮುಖ ಮಾಡಿದಾಗ ಗಾಳಿಮರಗಳ ನೆತ್ತಿಯಿಂದ ಸೂರ್ಯ ನೇರ ಕಣ್ಣಿಗೆ. ಕನ್ನಡಕದ ಒಳಗೆ ಮಂಜು, ಹೊರಗೆ ಉಪ್ಪು. ಮುಕ್ತಾಯದ ಕಮಾನು ಎಲ್ಲೂ ಕಾಣುವುದಿಲ್ಲ. ಜನವರಿಯಲ್ಲಿ ನಮ್ಮಲ್ಲಿ ಸೂರ್ಯೋದಯ ಏಳಕ್ಕೆ ಕೆಲವೇ ನಿಮಿಷ ಮೊದಲು, ಅಂದರೆ ನೀವು ವಾಪಸ್ಸು ಹೊರಡುವ ಹೊತ್ತಿಗೆ ಸರಿಯಾಗಿ. ಬಣ್ಣದ ಗಾಜಿನ ಕನ್ನಡಕ ತೆಗೆದುಕೊಳ್ಳಿ. ಹಿಂದಿನ ಸಂಜೆಯೇ ದಡದಲ್ಲಿ ಎತ್ತರದ ಒಂದು ಗುರುತು ಆರಿಸಿಕೊಳ್ಳಿ, ಬೆಳಕಿಗೆ ಎದುರಾಗಿ ಕಪ್ಪಗೆ ಕಂಡರೂ ಆಕಾರದಿಂದ ಗೊತ್ತಾಗುವಂಥದ್ದು. ಕಮಾನು ಹುಡುಕಬೇಡಿ, ಅದು ಗಿಡ್ಡ.

ಇನ್ನು ಬದಲಾವಣೆಯ 6 ನಿಮಿಷ. ಇದರಲ್ಲಿ ಮರಳಿನ ಪಾಲು ಎಷ್ಟು ಎಂದು ನನಗೆ ಕಾಣುತ್ತಿದೆ! ಒದ್ದೆ ಪಾದಕ್ಕೆ ಮರಳು ಮೆತ್ತಿಕೊಂಡು, ಕಾಲುಚೀಲ ಏರದೆ, ಒಂಟಿ ಕಾಲಿನ ಮೇಲೆ ಕುಣಿದಿರುತ್ತೀರಿ. ಸೈಕಲ್ ಪಕ್ಕದಲ್ಲಿ ಒಂದು ಹಳೆಯ ಬೈರಾಸು (ಟವೆಲ್) ಹಾಸಿ, ಒಂದು ಬಾಟಲಿ ಸಾದಾ ನೀರು ಇಡಿ. ಬೈರಾಸಿನ ಮೇಲೆ ನಿಂತು ಎರಡೂ ಪಾದಕ್ಕೆ ನೀರು ಸುರಿದು ತುಳಿದು ಒರೆಸಿಕೊಳ್ಳಿ. ಬೂಟಿನೊಳಗೆ ಮೊದಲೇ ಪೌಡರ್ ಹಾಕಿರಿ. ಪಾದದಡಿಯನ್ನು ಒಮ್ಮೆ ಕೈಯಿಂದ ತಡವಿ ನೋಡಿ, ಮರುವಾಯಿ ಚಿಪ್ಪು ಕೊಯ್ದಿದ್ದರೆ ನೀರಿನಲ್ಲಿ ಗೊತ್ತಾಗುವುದಿಲ್ಲ, ಮೂರನೆಯ ಕಿಲೋಮೀಟರ್‌ನಲ್ಲಿ ಗೊತ್ತಾಗುತ್ತದೆ. ಹೆಲ್ಮೆಟ್ಟಿನ ಪಟ್ಟಿ ಕಟ್ಟಿದ ಮೇಲೆಯೇ ಸೈಕಲ್ ಮುಟ್ಟಿ, ವಾಪಸ್ಸು ಬಂದು ಸೈಕಲ್ ನೇತುಹಾಕಿದ ಮೇಲೆಯೇ ಪಟ್ಟಿ ಬಿಚ್ಚಿ. ಇಲ್ಲಿ ತಪ್ಪಿದರೆ ದಂಡ ಬೀಳುತ್ತದೆ.

ಸೈಕಲ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಗಾಳಿಯ ತಡೆಯನ್ನು ಗೆಲ್ಲಲು ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ. ನೀವು 26ರಿಂದ 28 ಕಿ.ಮೀ. ವೇಗಕ್ಕೆ ಹೋಗಬೇಕಾದರೆ ಗಾಳಿಯೊಂದಕ್ಕೇ ಸುಮಾರು ಕಾಲುಭಾಗ ಹೆಚ್ಚು ಶ್ರಮ, ಉಳಿಯುವುದು 3 ನಿಮಿಷ. ಹಗುರ ಚೌಕಟ್ಟಿನ ಲಾಭ ಸಿಗುವುದು ಏರಿನಲ್ಲಿ. ಕಡಲ ಬದಿಯ ಚಪ್ಪಟೆ ರಸ್ತೆಯಲ್ಲಿ ಮೊಣಕೈ ಬಗ್ಗಿಸಿ ತಗ್ಗಿ ಕೂರುವುದು, ಗಾಳಿಗೆ ಪಟಪಟಿಸದ ಅಂಗಿ ಹಾಕುವುದು ಪುಕ್ಕಟೆಯಾಗಿ ಅದಕ್ಕಿಂತ ಹೆಚ್ಚು ಕೊಡುತ್ತದೆ. ಕಾರ್ಬನ್ ಸೈಕಲ್ ಕೊಳ್ಳುವ ಆಸೆಯೇ ಇದ್ದರೆ ಕೊಳ್ಳಿ, ಆಸೆಗೆ ಕಾರಣ ಬೇಕಿಲ್ಲ. ಆದರೆ ಈ 2 ಗಂಟೆಯನ್ನು ಕಾರಣವಾಗಿ ತೋರಿಸಬೇಡಿ.

ನಿಮ್ಮ 41 ನಿಮಿಷದ ಓಟ ನನಗೆ ಹೆಚ್ಚು ಹೇಳುತ್ತದೆ. ಗಾಬರಿಯಲ್ಲಿ ಏರಿದ ಎದೆಬಡಿತ ಇಳಿಯುವ ಮೊದಲೇ ಸೈಕಲ್ ಹತ್ತಿದಿರಿ. ಈಜಿನಲ್ಲಿ ಹಿಂದೆ ಬಿದ್ದ ಕೋಪಕ್ಕೆ ಜೋರಾಗಿ ತುಳಿದಿರಿ. ಹೌದೋ ಅಲ್ಲವೋ ನೀವೇ ನೆನಪಿಸಿಕೊಳ್ಳಿ. ಮುಕ್ಕಾಲು ಗಂಟೆ ಸೆಕೆಯಲ್ಲಿ ಒಂದು ಹನಿ ನೀರು ಮುಟ್ಟಲಿಲ್ಲ. ನಮ್ಮ ಕಡೆ ಬೆವರು ಸುರಿಯುತ್ತದೆ, ಆದರೆ ಗಾಳಿಯಲ್ಲಿ ತೇವ ತುಂಬಿರುವುದರಿಂದ ಆರುವುದಿಲ್ಲ. ಮೈ ತಂಪಾಗಬೇಕಾದರೆ ಬೆವರು ಆವಿಯಾಗಬೇಕು, ಬರೀ ತೊಟ್ಟಿಕ್ಕಿದರೆ ನೀರೂ ಉಪ್ಪೂ ನಷ್ಟ, ತಂಪು ಮಾತ್ರ ಇಲ್ಲ. ಬಳ್ಳಾರಿಯ ಒಣಬಿಸಿಲಿನಲ್ಲಿ ಓಡಿದವರಿಗೂ ಇಲ್ಲಿ ಹೊಸದಾಗಿ ಕಲಿಯಲಿಕ್ಕಿದೆ.

ನೀರು ಕುಡಿಯಬಾರದು ಎಂದವರು ಬಹುಶಃ ಒಂದು ಗಂಟೆ ಹತ್ತು ನಿಮಿಷದಲ್ಲಿ ಮುಗಿಸುವವರು. ಅವರಿಗೆ ಅದು ನಡೆಯಬಹುದು. ನಿಮ್ಮದು ಅದಕ್ಕಿಂತ ಮುಕ್ಕಾಲು ಪಾಲು ಹೆಚ್ಚು ಹೊತ್ತು, ಏರಿದ ಬಿಸಿಲಿನಲ್ಲಿ. ಅನುಭವ ಕೇಳುವಾಗ ಮೊದಲು ಕೇಳಬೇಕಾದದ್ದು ಇದನ್ನೇ: ನಿಮಗೆ ಎಷ್ಟು ಹೊತ್ತು ಹಿಡಿಯಿತು, ನಿಮ್ಮ ತೂಕ ಎಷ್ಟು, ಎಷ್ಟು ಗಂಟೆಗೆ ಓಟದಲ್ಲಿದ್ದಿರಿ? ಅಂದ ಹಾಗೆ ಆ 1978ರ ಸ್ಪರ್ಧೆಯಲ್ಲಿ ಎರಡನೆಯವನಾದ ಜಾನ್ ಡನ್‌ಬಾರ್‌ನ ಜೊತೆಗಾರರ ಬಳಿ ಕೊನೆಯ ಓಟದಲ್ಲಿ ನೀರು ಮುಗಿದು ಬಿಯರ್ ಕೊಟ್ಟರಂತೆ. ಅವನದೂ ಅನುಭವವೇ, ಅನುಸರಿಸಬೇಕೆಂದಿಲ್ಲ.

ನಿಮ್ಮ ಬೆವರನ್ನು ನೀವೇ ಅಳೆಯಿರಿ. ಒಂದು ಗಂಟೆ ಓಡುವ ಮೊದಲು ಮತ್ತು ಆದ ಮೇಲೆ, ಮೈ ಒರೆಸಿಕೊಂಡು, ಬಟ್ಟೆಯಿಲ್ಲದೆ ತೂಕ ನೋಡಿ. 68.4 ಕಿಲೋ ಇದ್ದದ್ದು 67.3 ಆದರೆ, ನಡುವೆ 200 ಮಿಲಿಲೀಟರ್ ಕುಡಿದಿದ್ದರೆ, ಗಂಟೆಗೆ 1.3 ಲೀಟರ್ ಬೆವರುತ್ತೀರಿ ಎಂದಾಯಿತು. ಅಷ್ಟನ್ನೂ ತುಂಬಿಕೊಳ್ಳಬೇಕಿಲ್ಲ. ಸೈಕಲ್ ಮೇಲೆ ಅರ್ಧ ಲೀಟರ್, ಹತ್ತು ನಿಮಿಷಕ್ಕೊಮ್ಮೆ ಎರಡೆರಡು ಗುಟುಕು, ಅದರಲ್ಲಿ ಒಂದು ಚಿಟಿಕೆ ಉಪ್ಪು, ಸಕ್ಕರೆ ಅಥವಾ ಬೆಲ್ಲ. ನಮ್ಮವರ ನೆಚ್ಚಿನ ಬೊಂಡ (ಎಳನೀರು) ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಹೆಚ್ಚಾಗಿ ಸೋಡಿಯಂ. ಅದನ್ನು ಮುಕ್ತಾಯದ ಗೆರೆಯ ಆಚೆಗೆ ಇಟ್ಟುಕೊಳ್ಳಿ, ಜೊತೆಗೆ ಗಂಜಿ, ಉಪ್ಪಿನಕಾಯಿ. ಬೆಳಗಿನ ನಾಲ್ಕೂವರೆಗೆ ಎರಡು ಬಾಳೆಹಣ್ಣು, ಬೆಳ್ತಿಗೆ ಅಕ್ಕಿಯ ಗಂಜಿ ಸಾಕು. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿಯುವುದೂ ಅಪಾಯ, ರಕ್ತದ ಸೋಡಿಯಂ ಇಳಿದುಹೋಗುತ್ತದೆ.

ಸೈಕಲ್ ಇಳಿದ ಮೇಲೆ ಕಾಲು ಬೇರೆಯವರದ್ದು ಎನಿಸುತ್ತದಲ್ಲ, ಅದು ಅಭ್ಯಾಸದಿಂದಲೇ ಹೋಗಬೇಕು. ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಸೈಕಲ್ ತುಳಿದು, ಬೂಟು ಬದಲಾಯಿಸಿ ತಕ್ಷಣ ಹತ್ತು ನಿಮಿಷ ಓಡಿ. ಸ್ಪರ್ಧೆಯ ದಿನ ಕೊನೆಯ ಎರಡು ಕಿಲೋಮೀಟರ್‌ನಲ್ಲಿ ಹಗುರ ಗೇರಿಗೆ ಬಂದು ಕಾಲನ್ನು ಬೇಗ ಬೇಗ ತಿರುಗಿಸಿ, ಮೊದಲ ಕಿಲೋಮೀಟರ್ ಓಟವನ್ನು ನಾಚಿಕೆಯಾಗುವಷ್ಟು ನಿಧಾನ ಓಡಿ.

ಸಮುದ್ರ ಬಿಡಲೇ ಎಂದು ಕೇಳಿದ್ದೀರಿ. ನೀವು ಇನ್ನೂ ಹಿಡಿದೇ ಇಲ್ಲ! ಕೊಳದಲ್ಲಷ್ಟೇ ಇದ್ದು ಒಂದು ಬೆಳಿಗ್ಗೆ ನೇರ ಸ್ಪರ್ಧೆಗೆ ಇಳಿದಿರಿ. ಕಂಬಳದ ಕೋಣಗಳಿಗೂ ಋತು ಆರಂಭಕ್ಕೆ ಮೊದಲು ಕುದಿ ಓಡಿಸಿ ಕೆಸರು ಪರಿಚಯ ಮಾಡಿಸುತ್ತಾರೆ. ಮಲ್ಪೆ, ಕಾಪು ನಿಮ್ಮ ಹಿತ್ತಲಲ್ಲೇ ಇವೆ. ಅಕ್ಟೋಬರ್ ಕಳೆದ ಮೇಲೆ, ಜೀವರಕ್ಷಕರು ಇರುವ ಹೊತ್ತಿನಲ್ಲಿ, ಚೆನ್ನಾಗಿ ಈಜು ಬಲ್ಲ ಒಬ್ಬರ ಜೊತೆ, ಸೊಂಟಕ್ಕೆ ಬಣ್ಣದ ತೇಲುಚೀಲ ಕಟ್ಟಿಕೊಂಡು ಇಳಿಯಿರಿ. ಮೊದಲ ಮೂರು ಭಾನುವಾರ ಈಜಲೇಬೇಡಿ. ತೆರೆಯಡಿ ಮುಳುಗಿ ಏಳುವುದು, ಅಂಗಾತ ತೇಲುವುದು, ನೀರು ಎತ್ತ ಒಯ್ಯುತ್ತದೆಂದು ನೋಡುವುದು, ಅಷ್ಟೇ. ನಾಲ್ಕನೆಯ ವಾರದಿಂದ ದಡಕ್ಕೆ ಸಮಾನಾಂತರವಾಗಿ ಇನ್ನೂರು ಮೀಟರ್. ದಡದಲ್ಲಿ ಕೈರಂಪಣಿಯವರು ಬಲೆ ಎಳೆಯುತ್ತಿದ್ದರೆ 'ಇವತ್ತು ನೀರು ಹೇಗಿದೆ?' ಎಂದು ಕೇಳಿ. ಅವರು 'ಇವತ್ತು ಬೇಡ' ಎಂದರೆ ಚರ್ಚೆ ಮಾಡದೆ ತಿರುಗಿ ಬಂದು ತಿಂಡಿ ತಿನ್ನಿ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳಿಗೇ ಕಡಲಿಗಿಳಿಯಲು ನಿಷೇಧವಿರುತ್ತದೆ; ಮಳೆಗಾಲ ಪೂರ್ತಿ ನೀವೂ ಕೊಳದಲ್ಲೇ ಇರಿ. ಆಗ ಗೋಡೆ ಒದೆಯದೆ, ಗೋಡೆಗೆ ಎರಡು ಮೀಟರ್ ಮೊದಲೇ ತಿರುಗಿ ಈಜಿ. ಮೂರು ಬಾರಿ ಕೈ ಬೀಸಿದ ಮೇಲೆ ಮೊಸಳೆಯಂತೆ ಕಣ್ಣಷ್ಟೇ ಮೇಲೆತ್ತಿ ಮುಂದೆ ನೋಡುವ ಅಭ್ಯಾಸ ಮಾಡಿಕೊಳ್ಳಿ. ನಮ್ಮ ನೀರು ಚಳಿಗಾಲದಲ್ಲೂ 28 ಡಿಗ್ರಿ ಆಸುಪಾಸು ಇರುವುದರಿಂದ ವೆಟ್‌ಸೂಟ್ (ಮೈ ಬೆಚ್ಚಗಿಡುವ ಈಜುಡುಪು) ಮಾರುವವರ ಮಾತಿಗೆ ಕಿವಿಗೊಡಬೇಡಿ, ಅಷ್ಟು ಬಿಸಿ ನೀರಿನಲ್ಲಿ ಅದನ್ನು ಹಾಕಲು ನಿಯಮವೂ ಬಿಡುವುದಿಲ್ಲ.

ಮುಂದಿನ ಸ್ಪರ್ಧೆಯಲ್ಲಿ ಗುಂಪಿನ ಹಿಂದೆ, ಒಂದು ಬದಿಗೆ ನಿಲ್ಲಿ. ಸೀಟಿ ಊದಿದ ಮೇಲೆ ಹದಿನೈದು ಎಣಿಸಿ ಹೊರಡಿ. ಆ ಹದಿನೈದು ಸೆಕೆಂಡಿಗೆ ಮೂರು ನಿಮಿಷ ವಾಪಸ್ಸು ಸಿಗುತ್ತದೆ. ಬ್ಯಾಂಕಿನಲ್ಲಿ ಅಂಥ ಬಡ್ಡಿ ಇದ್ದಂತಿಲ್ಲ.

ಚೈನಿನ ವಿಷಯ. ಕೆಂಪು ಮೇಲ್ಮೈಯಲ್ಲಷ್ಟೇ ಇದ್ದು ಕೊಂಡಿಗಳು ಸಲೀಸಾಗಿ ಮಡಚುತ್ತಿದ್ದರೆ ಬದುಕುತ್ತದೆ. ಸೀಮೆಎಣ್ಣೆ ಸಿಕ್ಕರೆ ಸರಿ, ಇಲ್ಲವೇ ಅಂಗಡಿಯ ಡಿಗ್ರೀಸರ್ ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಒರೆಸಿ, ಪೂರ್ತಿ ಒಣಗಿದ ಮೇಲೆ ಒಂದೊಂದು ಕೊಂಡಿಗೆ ಒಂದೊಂದು ಹನಿ ಎಣ್ಣೆ ಬಿಟ್ಟು ಹೆಚ್ಚಾದದ್ದನ್ನು ಬಟ್ಟೆಯಲ್ಲಿ ತೆಗೆಯಿರಿ. ಕೊಬ್ಬರಿ ಎಣ್ಣೆ ಬೇಡ, ಮರಳು ಹಿಡಿದು ಅಂಟಾಗುತ್ತದೆ. ಕೊಂಡಿಗಳು ಬಿಗಿದುಕೊಂಡಿದ್ದರೆ ಹೊಸ ಚೈನ್ ಹಾಕಿಸಿ. ಮುಂದಿನ ಸಲ ಕಡಲ ದಂಡೆಯಿಂದ ಮನೆಗೆ ಬಂದ ದಿನವೇ, ಸ್ನಾನಕ್ಕೂ ಮೊದಲು, ಒಂದು ಬಕೆಟ್ ಸಿಹಿನೀರನ್ನು ಸೈಕಲ್‌ಗೆ ಸುರಿಯಿರಿ. ಪೈಪಿನಿಂದ ಜೋರಾಗಿ ಬಿಟ್ಟರೆ ಉಪ್ಪು ಬೇರಿಂಗಿನ ಒಳಗೆ ಹೋಗುತ್ತದೆ. ಸೀಟಿನ ಕೆಳಗಿನ ಕಂಬವನ್ನು ಒಮ್ಮೆ ಎಳೆದು ತೆಗೆದು ಒರೆಸಿ ಹಾಕುವುದನ್ನು ಮರೆಯಬೇಡಿ. ನನ್ನದೊಂದು ಅಲ್ಲೇ ಕಚ್ಚಿಕೊಂಡು ಕೂತು ವರ್ಷ ಎರಡಾಯಿತು.